ಸಾಮಾನು ಕೋಣೆಯ ಗೋಡೆ

ಬಾಗಿಲು ತೆಗೆದ ಕೂಡಲೇ ಹುಡುಗಿ ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಬಾಗಿಲು ಹಾಕ್ಬಿಡಿ, ಪ್ಲೀಸ್. ನಂದು ಇನ್ನೂ ಹದಿನೈದು ನಿಮಿಷ ಆಗಿಲ್ಲ."

ನಾನು ಅಲ್ಲಿಗೆ ಹೋದದ್ದು ರಬ್ಬರ್ ಪೈಪಿಗಾಗಿ. ಈಜುಕೊಳದ ಹೆಂಗಸರ ಸ್ನಾನದ ಕೋಣೆಯಲ್ಲಿ ಮೋರಿ ಕಟ್ಟಿಕೊಂಡಿತ್ತು. ಮಂಡಿಯೂರಿ, ಮೊಣಕೈವರೆಗೆ ಕೈ ಇಳಿಸಿ, ಯಾರ್ಯಾರದೋ ತಲೆಕೂದಲಿನ ಗಂಟು ಎಳೆದು ತೆಗೆದಿದ್ದೆ. ತೊಳೆಯಲು ಪೈಪು ಬೇಕಿತ್ತು. ಪೈಪು ಇರುವುದು ಕೊಳದ ಹಿಂದಿನ ಸಾಮಾನು ಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ. ದೀಪದ ಸ್ವಿಚ್ಚು ಹೊರಗೆ. ಚಿಲಕವೂ ಹೊರಗೆ. ಚಿಲಕ ಹಾಕಿತ್ತು. ದೀಪ ಆರಿಸಿತ್ತು.

ಈಜು ಕಲಿಯುವ ಮಕ್ಕಳು ಹಿಡಿದುಕೊಳ್ಳುವ ಹಲಗೆಗಳ ರಾಶಿಯ ಪಕ್ಕ ಅವಳು ಮುದುಡಿ ಕೂತಿದ್ದಳು. ಮೈಮೇಲೆ ಒದ್ದೆ ಈಜುಡುಗೆ, ಅಷ್ಟೇ. ನವೆಂಬರ್ ತಿಂಗಳ ಕೊರೆಯುವ ಚಳಿ. ತುಟಿ ನೀಲಿಗಟ್ಟಿತ್ತು. ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು. ಕರ್ಸ್ಟಿ ಅಂತ ಹೆಸರು. ಹನ್ನೊಂದು ವರ್ಷ. ಅವಳ ಅಮ್ಮ ಲಿನ್ಸಿ ನಮ್ಮ ಬೀದಿಯ ಮೀನು ಕರಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

"ಯಾರು ಪುಟ್ಟಿ ನಿನ್ನ ಇಲ್ಲಿ ಕೂರಿಸಿದ್ದು?"

"ಯಾರೂ ಇಲ್ಲ. ನಾನೇ ನಿಧಾನ ಈಜಿದೆ. ನಾಲ್ಕು ಸೆಕೆಂಡು ಲೇಟು." ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ನೀವು ಬಾಗಿಲು ತೆಗೆದಿದ್ದು ಗೊತ್ತಾದ್ರೆ ಮತ್ತೆ ಮೊದಲಿಂದ ಎಣಿಸ್ತಾರೆ."

ನನ್ನ ಕೆಲಸದ ಕೋಟು ಬಿಚ್ಚಿ ಅವಳಿಗೆ ಸುತ್ತಿದೆ. ಬ್ಲೀಚಿನ ವಾಸನೆಯ ಕೋಟು. ಅವಳು ಅದರೊಳಗೆ ಮುಖ ಹುದುಗಿಸಿಕೊಂಡಳು. ಕೈ ಹಿಡಿದು ಹೊರಗೆ ಕರೆತಂದೆ.

ಗ್ರೆಗರ್ ಎದುರು ಬಂದ. ಈಜು ಕ್ಲಬ್ಬಿನ ಕೋಚ್. ಇಪ್ಪತ್ತು ವರ್ಷದಿಂದ ಅವನೇ. ಅವನು ಕಲಿಸಿದ ಇಬ್ಬರು ಸ್ಕಾಟ್ಲೆಂಡ್ ತಂಡಕ್ಕೆ ಈಜಿದ್ದರು. ಗಣಿ ಮುಚ್ಚಿ, ಬಂದರು ಮುಚ್ಚಿ, ಹೇಳಿಕೊಳ್ಳಲು ಏನೂ ಉಳಿಯದ ನಮ್ಮ ಊರಿಗೆ ಅದೊಂದೇ ಉಳಿದಿತ್ತು. ಬ್ರೆಡ್ಡಿನ ಅಂಗಡಿಯ ಕಿಟಕಿಯಲ್ಲೂ ಅವನ ಫೋಟೋ.

ಅವನು ದನಿ ಏರಿಸಲಿಲ್ಲ. ಅವನು ಯಾವತ್ತೂ ದನಿ ಏರಿಸುವವನಲ್ಲ.

"ಮೊರಾಗ್, ನಿನ್ನ ಕೆಲಸ ಏನು?"

"ನೆಲ ಒರೆಸೋದು."

"ನೆಲ ಎಲ್ಲಿರುತ್ತೆ?"

ಕೊಳದ ಅಂಚಿನಲ್ಲಿ ಹದಿನಾಲ್ಕು ಮಕ್ಕಳು ಟೋಪಿ ಹಾಕಿಕೊಂಡು ಸಾಲಾಗಿ ನಿಂತು ನೋಡುತ್ತಿದ್ದರು.

"ಕೆಳಗೆ," ಅಂದೆ.

"ಹಾಗಾದ್ರೆ ಕೆಳಗೇ ನೋಡ್ಕೊಂಡಿರು."

ಎರಡು ಬೆರಳಲ್ಲಿ ನನ್ನ ಕೋಟನ್ನು ಹುಡುಗಿಯ ಮೈಮೇಲಿಂದ ಎತ್ತಿದ. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ. ನನ್ನ ಬಕೆಟ್ಟಿನ ಮೇಲೆ ಬಿಟ್ಟ. ಮಕ್ಕಳು ಯಾರೂ ನಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು. ಮಕ್ಕಳು ಅಂದಮೇಲೆ ಒಬ್ಬರಾದರೂ ನಗಬೇಕಿತ್ತು.

ಮುಂಬಾಗಿಲ ಹತ್ತಿರ ಒಂದು ದೊಡ್ಡ ಪೋಸ್ಟರ್ ಇದೆ. 'ಮಗುವಿನ ಬಗ್ಗೆ ಕಳವಳವಿದೆಯೇ? ನಮಗೆ ಹೇಳಿ' ಅಂತ. ಕೆಳಗೆ ಷೋನಾಳ ಫೋಟೋ. ಷೋನಾ ಈಜುಕೊಳದ ಮ್ಯಾನೇಜರ್, ಮಕ್ಕಳ ರಕ್ಷಣೆಯ ಅಧಿಕಾರಿಯೂ ಅವಳೇ. ಪ್ರತಿ ವಾರ ಆ ಪೋಸ್ಟರಿನ ಗಾಜನ್ನು ಒರೆಸುತ್ತಿದ್ದವಳು ನಾನು. ಅವತ್ತು ಮೊದಲ ಸಲ ಅದು ಹೇಳಿದ ಹಾಗೆ ಮಾಡಿದೆ.

ಷೋನಾ ಪೂರ್ತಿ ಕೇಳಿಸಿಕೊಂಡಳು. ಪೆನ್ನು ಮುಚ್ಚಿ, ತೆಗೆದು, ಮುಚ್ಚಿ ಮಾಡಿದಳು. "ಬರೆದು ಕೊಡಿ ಮೊರಾಗ್, ಫಾರಂ ಇದೆ," ಅಂದಳು. ಬರೆಯುವುದು ನನಗೆ ಸುಲಭವಲ್ಲ. ಹದಿನೈದಕ್ಕೆ ಶಾಲೆ ಬಿಟ್ಟವಳು. ಬ್ಲೀಚಿಗೆ ಬೆರಳ ಸಂದಿ ಒಡೆದಿರುತ್ತದೆ, ಪೆನ್ನು ಒತ್ತಿದರೆ ರಕ್ತ ಜಿನುಗುತ್ತದೆ. ಮಾಪು ಇಡುವ ಗೂಡಿನಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಅರ್ಧ ಪುಟ ಬರೆದೆ. ಕರ್ಸ್ಟಿ. ಕತ್ತಲೆ. ಚಿಲಕ. ಒದ್ದೆ. ನೀಲಿ. ಕೈಲಾದಷ್ಟು ಬರೆದೆ.

ಷೋನಾ ಓದಿದಳು. ಕಾಗದ ಕೆಳಗಿಟ್ಟಳು. ದನಿ ಮೆತ್ತಗಾಯಿತು.

"ಮೊರಾಗ್, ತಪ್ಪು ತಿಳ್ಕೋಬೇಡಿ. ನೀವು ಬಾಲಮಂದಿರದಲ್ಲಿ ಬೆಳೆದವರಲ್ವಾ?"

"ಹೌದು. ಅದಕ್ಕೂ ಇದಕ್ಕೂ ಏನು?"

"ಏನಿಲ್ಲ. ಅಂಥ ಕಡೆ ಬೆಳೆದವ್ರಿಗೆ ಸ್ವಲ್ಪ... ಎಲ್ಲಾ ಕಡೆ ಅದೇ ಕಾಣುತ್ತೆ. ಪಾಪ, ನಿಮ್ಮ ತಪ್ಪಲ್ಲ ಅದು."

ಐವತ್ತೇಳು ವರ್ಷ ನನಗೆ. ಹತ್ತೊಂಬತ್ತು ವರ್ಷ ಅವರ ಕಕ್ಕಸು ತೊಳೆದಿದ್ದೆ. ನನ್ನ ಬಾಲಮಂದಿರದ ಮಾತು ಯಾರೂ ಎತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು ಅಂತ ಆ ಹೊತ್ತು ಗೊತ್ತಾಯಿತು. ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು.

"ನಾನು ಕಂಡಿದ್ದು ಬರೆದಿದ್ದೀನಿ," ಅಂದೆ. ಎದ್ದು ಬಂದೆ.

ಮುಂದಿನ ವಾರ ನನ್ನ ಪಾಳಿ ಬದಲಾಯಿತು. ನಾನು ಈಜುಕೊಳದ ನೌಕರಳಲ್ಲ, ಗುತ್ತಿಗೆ ಕಂಪನಿಯವಳು. ಕಂಪನಿಯಿಂದ ಫೋನಿಗೆ ಎರಡು ಸಾಲು ಬಂತು: ನಾಳೆಯಿಂದ ಬೆಳಿಗ್ಗೆ ಐದರಿಂದ ಒಂಬತ್ತು. ಮಕ್ಕಳು ಬರುವುದು ಸಂಜೆ ನಾಲ್ಕಕ್ಕೆ. ಇನ್ನು ನನಗೆ ಯಾವ ಮಗುವೂ ಕಾಣುವುದಿಲ್ಲ.

ಬೆಳಿಗ್ಗೆ ಐದಕ್ಕೆ ಈಜುಕೊಳದಲ್ಲಿ ನೀರೊಂದನ್ನು ಬಿಟ್ಟರೆ ಯಾರೂ ಇಲ್ಲ. ಅದರ ಮೇಲೆ ಹಬೆ ಏಳುತ್ತಿರುತ್ತದೆ. ಮಾಪು ಎಳೆದರೆ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತದೆ. ಮೊದಲು ಜತೆಗೆ ಕೆಲಸ ಮಾಡುತ್ತಿದ್ದ ಹೆಂಗಸರ ಜತೆ ಮಧ್ಯಾಹ್ನ ಮೂರಕ್ಕೆ ಚಹಾ ಇರುತ್ತಿತ್ತು, ಮೊಟ್ಟೆ ತುಂಬಿದ ಬನ್ನು ಇರುತ್ತಿತ್ತು, ಯಾರ ಗಂಡ ಕುಡಿದು ಎಲ್ಲಿ ಬಿದ್ದ ಎನ್ನುವ ಸುದ್ದಿ ಇರುತ್ತಿತ್ತು. ಈಗ ಒಂಬತ್ತಕ್ಕೆ ಮನೆಗೆ ಬಂದರೆ ಇಡೀ ದಿನ ಖಾಲಿ. ರೇಡಿಯೋದವನಿಗೆ ಉತ್ತರ ಕೊಡುವ ಅಭ್ಯಾಸ ಹತ್ತಿತು.

ಪೋಸ್ಟರಿನ ಕೆಳಗೆ ಒಂದು ನಂಬರೂ ಇತ್ತು. ಈಜು ಸಂಘದ ಮುಖ್ಯ ಕಚೇರಿಯದು. ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬಳು ಬಹಳ ಸೌಜನ್ಯದಿಂದ ಎಲ್ಲ ಬರೆದುಕೊಂಡಳು. "ನಿಮ್ಮ ದೂರನ್ನ ಅಲ್ಲಿನ ಮಕ್ಕಳ ರಕ್ಷಣೆ ಅಧಿಕಾರಿಗೆ ಕಳಿಸ್ತೀವಿ," ಅಂದಳು.

"ಅಂದ್ರೆ ಷೋನಾಗೆ?"

"ಹೌದು, ಅವರ ಹೆಸರೇ ಇದೆ ಇಲ್ಲಿ."

ಫೋನ್ ಇಟ್ಟೆ.

ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಅಂತ ನೀವು ಕೇಳಬಹುದು. ಬಾಲಮಂದಿರದಿಂದ ನಾನು ಮೂರು ಸಲ ಓಡಿಹೋಗಿದ್ದೆ. ಮೂರು ಸಲವೂ ಹಿಡಿದು ಅದೇ ಬಾಗಿಲಿಗೆ ವಾಪಸು ತಂದುಬಿಟ್ಟದ್ದು ಪೊಲೀಸರು. ಅದು ಉತ್ತರವಲ್ಲ, ಗೊತ್ತು. ನನ್ನ ಹತ್ತಿರ ಇರುವುದು ಅದೇ.

ಲಿನ್ಸಿಯ ಹತ್ತಿರ ಹೋದೆ. ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಎಣ್ಣೆಯ ಬಾಣಲೆ ಉಜ್ಜುತ್ತಿದ್ದಳು. ನಾನು ಹೇಳುತ್ತಾ ಹೋದ ಹಾಗೆ ಉಜ್ಜುವುದು ಜೋರಾಯಿತು.

"ನಂಗೊತ್ತು," ಅಂದಳು.

"ಗೊತ್ತಾ?"

"ಶಿಸ್ತು ಅದು. ಗ್ರೆಗರ್ ಹೇಳಿದ್ದಾರೆ. ಮುಂದಿನ ವರ್ಷ ಅವಳು ಜಿಲ್ಲೆಗೆ ಈಜ್ತಾಳೆ. ಆಮೇಲೆ ಎಲ್ಲೋ ಹೋಗ್ತಾಳೆ. ಇಲ್ಲಿಂದ ಆಚೆ." ಮುಖ ಎತ್ತಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ನಾನು ಹದಿನಾರಕ್ಕೆ ಈ ಬಾಣಲೆ ಹಿಡಿದೆ ಮೊರಾಗ್. ನೀನು ಮಾಪು ಹಿಡಿದೆ. ಅವಳೂ ಹಿಡೀಲಾ? ಕತ್ತಲೇಲಿ ಹದಿನೈದು ನಿಮಿಷ ಕೂತ್ರೆ ಯಾರೂ ಸಾಯಲ್ಲ."

"ನಾನು ಕೂತಿದ್ದೀನಿ ಲಿನ್ಸಿ, ಅಂಥ ಕತ್ತಲೇಲಿ."

"ಹಾಗಾದ್ರೆ ಸತ್ತಿಲ್ವಲ್ಲ," ಅಂದಳು. ಬಾಣಲೆಗೆ ತಿರುಗಿದಳು.

ಫೆಬ್ರವರಿಯಲ್ಲಿ ಸುದ್ದಿ ಬಂತು. ಬೇರೆ ಯಾವುದೋ ಊರಿನ ಕ್ಲಬ್ಬಿನಲ್ಲಿ ಏನೋ ಆಗಿ ಪತ್ರಿಕೆಗೆ ಬಂದಿತ್ತಂತೆ. ಅದಕ್ಕೇ ಎಲ್ಲ ಕಡೆಯೂ ಮಕ್ಕಳ ರಕ್ಷಣೆಯ ವ್ಯವಸ್ಥೆ ಹೇಗಿದೆ ಅಂತ ಪರಿಶೀಲನೆ. ನಮ್ಮಲ್ಲಿಗೆ ಗಿಲ್‌ಕ್ರಿಸ್ಟ್ ಎನ್ನುವ ಹೆಂಗಸು ಗುರುವಾರ ಬರುವುದಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಷೋನಾ ಬಂದಳು. ಬಗಲಲ್ಲಿ ಹೊಸ ಫೈಲುಗಳು. ಒಂದು ಹಾಳೆ ಮುಂದೆ ಹಿಡಿದಳು. ಕಳೆದ ವರ್ಷದ ಮಾರ್ಚಿನ ತಾರೀಕು. ಮಕ್ಕಳ ರಕ್ಷಣೆಯ ತರಬೇತಿ ಪಡೆದಿದ್ದೇನೆ ಅಂತ ಮೇಲೆ, ಕೆಳಗೆ ಹನ್ನೆರಡು ಸಹಿ. ಹದಿಮೂರನೆಯದು ಖಾಲಿ.

"ಅಂಥ ತರಬೇತಿ ಆಗಿಲ್ವಲ್ಲ."

"ಒಂದು ಕಾಗದ ಅಷ್ಟೇ ಮೊರಾಗ್. ಎಲ್ಲರೂ ಹಾಕಿದ್ದಾರೆ."

ಹಾಕಿದೆ.

ಹೌದು, ಹಾಕಿದೆ. ಇದನ್ನು ಮುಚ್ಚಿಡುವುದಿಲ್ಲ. ಬಾಡಿಗೆ ಮನೆ, ಒಂಟಿ ಹೆಂಗಸು, ಊರಲ್ಲಿ ಬೇರೆ ಕೆಲಸ ಇಲ್ಲ. ನನಗೆ ಒಂಬತ್ತು ವರ್ಷ ಇದ್ದಾಗ ಬಾಲಮಂದಿರಕ್ಕೂ ಒಬ್ಬಳು ಫೈಲು ಹಿಡಿದು ಬಂದಿದ್ದಳು. 'ಇಲ್ಲಿ ಸಂತೋಷವಾಗಿದ್ದೀಯಾ' ಅಂತ ಕೇಳಿದ್ದಳು. ಮೇಲ್ವಿಚಾರಕಿ ನನ್ನ ಹಿಂದೆ ನಿಂತು ಭುಜದ ಮೇಲೆ ಕೈ ಇಟ್ಟಿದ್ದಳು. 'ಹೌದು ಮೇಡಂ' ಅಂದಿದ್ದೆ. ಅವಳು ಬರೆದುಕೊಂಡು ಹೋದಳು. ಸಹಿ ಹಾಕುವಾಗ ಭುಜದ ಅದೇ ಜಾಗ ಭಾರವಾಯಿತು.

ಆಮೇಲೆ ಷೋನಾ ಬಿಳಿ ಬಣ್ಣದ ಡಬ್ಬ, ಒಂದು ಬ್ರಷ್ಷು ಕೊಟ್ಟಳು.

"ಸಾಮಾನು ಕೋಣೆ ಗೋಡೆಗೆ ಒಂದು ಕೈ ಬಳಿದುಬಿಡಿ. ಕೊಳಕಾಗಿದೆ."

ಹಲಗೆಗಳನ್ನೆಲ್ಲ ಹೊತ್ತು ಹೊರಗಿಟ್ಟೆ. ನಾಲ್ಕು ಸಲ ಸೊಂಟ ಹಿಡಿಯಿತು. ಗೋಡೆ ಕೊಳಕಾಗಿರಲಿಲ್ಲ. ನಿಂತು ನೋಡಿದರೆ ಏನೂ ಇಲ್ಲ. ಕೆಳಗಿನಿಂದ ಶುರು ಮಾಡೋಣ ಅಂತ ನೆಲದ ಮೇಲೆ ಕೂತೆ. ಆಗ ಕಂಡಿತು.

ಗೆರೆಗಳು. ಕೂತ ಮಗುವಿನ ಕೈಗೆ ಎಟಕುವಷ್ಟು ಎತ್ತರದಲ್ಲಿ. ಲಾಕರಿನ ಕೀಲಿ ಮಕ್ಕಳ ಮಣಿಕಟ್ಟಿಗೆ ಕಟ್ಟಿರುತ್ತದಲ್ಲ, ಅದರಲ್ಲಿ ಕೆರೆದದ್ದು. ಕತ್ತಲಲ್ಲಿ ಕೆರೆದದ್ದಾದ್ದರಿಂದ ಸೊಟ್ಟ. ಒಬ್ಬೊಬ್ಬರದು ಒಂದೊಂದು ಕಡೆ, ಮೇಲೆ ಹೆಸರಿನ ಮೊದಲ ಅಕ್ಷರ. ಕರ್ಸ್ಟಿಯ ಅಕ್ಷರದ ಕೆಳಗೆ ಹನ್ನೊಂದು ಗೆರೆ, ಕೂತ ಸಲಕ್ಕೊಂದು. ಬೆರಳಿಟ್ಟು ಎಣಿಸಿದೆ. ಪಕ್ಕದಲ್ಲಿ ಹಳೆಯ ಬಣ್ಣ ಉಬ್ಬಿತ್ತು. ಉಗುರಿನಿಂದ ಎಬ್ಬಿಸಿದೆ. ಅದರ ಕೆಳಗೂ ಗೆರೆಗಳಿದ್ದವು.

ನನಗಿಂತ ಮುಂಚೆ ಯಾರೋ ಇದೇ ಗೋಡೆಗೆ ಬಣ್ಣ ಬಳಿದಿದ್ದರು. ಅವಳೂ ಇಲ್ಲೇ ಕೂತಿರಬೇಕು. ಅವಳಿಗೂ ಕಂಡಿರಬೇಕು.

ಎಷ್ಟು ಹೊತ್ತು ಕೂತಿದ್ದೆನೋ. ಷೋನಾ ಬಂದು ಬಾಗಿಲಲ್ಲಿ ನಿಂತಳು.

"ಇನ್ನೂ ಶುರುವೇ ಮಾಡಿಲ್ವಾ?"

"ಬಳಿಯಲ್ಲ."

"ಏನು?"

"ಈ ಗೋಡೆಗೆ ನಾನು ಬಣ್ಣ ಬಳಿಯಲ್ಲ."

"ಮೊರಾಗ್, ಮಕ್ಕಳು ಸುಮ್ನೆ ಗೀಚಿರೋದು ಅದು."

ಅವಳಿಗೆ ಯಾವತ್ತೂ 'ನೀವು' ಅನ್ನುತ್ತಿದ್ದೆ. ಅವತ್ತು ಅದು ಬಾಯಿಗೆ ಬರಲಿಲ್ಲ.

"ಗೀಚಿರೋದು ನಿಂಗೆ ಹೇಗೆ ಗೊತ್ತು? ನಿಂತವ್ರಿಗೆ ಕಾಣಲ್ಲ ಇದು. ಬಾ ಷೋನಾ, ಇಲ್ಲಿ ಕೂತ್ಕೊ. ಕೂತ್ಕೊಂಡು ನೋಡು."

ಕೂರಲಿಲ್ಲ. ಮುಖ ಕೆಂಪಾಯಿತು. "ಒಂದು ಫೋನ್ ಮಾಡಿದ್ರೆ ಮಧ್ಯಾಹ್ನದೊಳಗೆ ಕಂಪನಿಯವರು ಇನ್ನೊಬ್ಬಳನ್ನ ಕಳಿಸ್ತಾರೆ."

"ಕಳಿಸ್ಲಿ. ಅವಳಿಗೂ ಕಣ್ಣಿರುತ್ತೆ."

"ಗುರುವಾರ ನೀವು ಬರಬೇಡಿ. ರಜೆ ಅಂದ್ಕೊಳ್ಳಿ."

ಡಬ್ಬ ಎತ್ತಿ ಅವಳ ಕಾಲ ಹತ್ತಿರ ಇಟ್ಟೆ. ಬ್ರಷ್ಷು ಅದರ ಮೇಲೆ ಇಟ್ಟೆ. ಒದ್ದೆಯಾಗದ ಬ್ರಷ್ಷು. ಧೈರ್ಯ ಅಂತಾರಲ್ಲ, ಅಂಥದ್ದೇನೂ ನನಗೆ ಅನ್ನಿಸಲಿಲ್ಲ. ಮನೆಗೆ ಬಂದು ಹಗಲಲ್ಲೇ ದೀಪ ಹಚ್ಚಿ ಕೂತೆ.

ಗುರುವಾರ ನನ್ನ ಒಳ್ಳೆಯ ಕೋಟು ಹಾಕಿಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಈಜುಕೊಳದ ಮುಂಬಾಗಿಲಿಂದ ಒಳಗೆ ಹೋದೆ. ಟಿಕೇಟು ತೆಗೆದುಕೊಂಡೆ. ಕೌಂಟರಿನ ಹುಡುಗಿಗೆ ನನ್ನ ಗುರುತೇ ಹತ್ತಲಿಲ್ಲ. "ಈಜೋಕಾ, ಸುಮ್ನೆ ನೋಡೋಕಾ?" ಅಂತ ಕೇಳಿದಳು.

"ನೋಡೋಕೆ," ಅಂದೆ.

ಗಿಲ್‌ಕ್ರಿಸ್ಟ್ ಮಹಡಿಯ ಕೋಣೆಯಲ್ಲಿದ್ದಳು. ಎದುರಿಗೆ ಷೋನಾಳ ಹೊಸ ಫೈಲುಗಳು, ಒಂದು ತಟ್ಟೆ ಬಿಸ್ಕತ್ತು. ಬಾಗಿಲು ಬಡಿದು ಒಳಗೆ ಹೋದೆ. ಹೆಸರು ಹೇಳಿದೆ. ಅವಳು ಪಟ್ಟಿ ನೋಡಿದಳು.

"ನೀವು ಪಟ್ಟಿಯಲ್ಲಿ ಇಲ್ಲ. ಗುತ್ತಿಗೆ ಕೆಲಸಗಾರರ ಜತೆ ಮಾತಾಡೋದು ಇವತ್ತಿನ ಕಾರ್ಯಕ್ರಮದಲ್ಲಿಲ್ಲ."

"ಗೊತ್ತು. ಬಚ್ಚಲು, ಕಕ್ಕಸು, ಸಾಮಾನು ಕೋಣೆ, ಬಾಗಿಲ ಹಿಂದೆ, ಬೆಂಚಿನ ಕೆಳಗೆ. ಇಷ್ಟೂ ದಿನಾ ನೋಡೋಳು ನಾನು. ನನ್ನ ಬಿಟ್ಟು ಉಳಿದವ್ರನ್ನೆಲ್ಲ ಕೇಳ್ತಿದ್ದೀರಿ."

ಪೆನ್ನು ಕೆಳಗಿಟ್ಟಳು. "ಕೂತ್ಕೊಳ್ಳಿ," ಅಂದಳು.

ಹೇಳಿದೆ. ಅವಳು ಫೈಲು ತಿರುವಿದಳು. ಹನ್ನೆರಡು ತಿಂಗಳಲ್ಲಿ ಬಂದ ದೂರು: ಸೊನ್ನೆ. ನಾನು ಬರೆದ ಅರ್ಧ ಪುಟ ಇರಲಿಲ್ಲ. ಮುಖ್ಯ ಕಚೇರಿಯವಳು ಬರೆದುಕೊಂಡದ್ದೂ ಇರಲಿಲ್ಲ. ಆಮೇಲೆ ಒಂದು ಹಾಳೆ ನನ್ನ ಕಡೆ ತಿರುಗಿಸಿದಳು.

"ಇದು ನಿಮ್ಮ ಸಹಿ ತಾನೇ? ತರಬೇತಿ ಆಗಿದೆ ಅಂತ."

"ಸಹಿ ನಂದೇ. ತರಬೇತಿ ಸುಳ್ಳು."

"ಎಲ್ಲರದೂ ಸುಳ್ಳಾ?"

"ಅವರವರದು ಅವರನ್ನ ಕೇಳಿ. ನಂದು ಸುಳ್ಳು. ಈ ಸೋಮವಾರ ಹಾಕಿದ್ದು."

"ಒಂದು ಸುಳ್ಳಿಗೆ ಸಹಿ ಹಾಕಿದ್ದೀನಿ ಅಂತ ನೀವೇ ಹೇಳ್ತಿದ್ದೀರಿ. ಹಾಗಿದ್ದ ಮೇಲೆ ಉಳಿದದ್ದನ್ನ ನಾನು ಹೇಗೆ ನಂಬಲಿ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು. ನಮ್ಮಂಥವರಿಗೆ ಯಾವಾಗಲೂ ಹೀಗೇ. ಹೇಳದಿದ್ದರೆ ಯಾಕೆ ಹೇಳಲಿಲ್ಲ, ಹೇಳಿದರೆ ಯಾಕೆ ನಂಬಬೇಕು.

"ನನ್ನ ನಂಬಬೇಡಿ. ಎದ್ದು ಬನ್ನಿ," ಅಂದೆ.

ಸಾಮಾನು ಕೋಣೆ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಯಾರು ಬಳಿದರೋ. ಷೋನಾ ಓಡಿ ಬಂದು ನನ್ನ ಹಿಂದೆ ನಿಂತಳು. ಗ್ರೆಗರ್ ಕೊಳದ ಆಚೆಯಿಂದ ನೋಡುತ್ತಿದ್ದ.

"ಏನೂ ಇಲ್ವಲ್ಲ," ಅಂದಳು ಗಿಲ್‌ಕ್ರಿಸ್ಟ್.

ಬಣ್ಣ ಮುಚ್ಚುತ್ತದೆ, ತುಂಬುವುದಿಲ್ಲ. ಗೋಡೆ ತೊಳೆಯುವವರಿಗೆ ಗೊತ್ತಿರುವ ವಿಷಯ.

"ಕೂತ್ಕೊಳ್ಳಿ," ಅಂದೆ. "ನೆಲದ ಮೇಲೆ. ಅಂಗೈ ಗೋಡೆಗೆ ಇಡಿ. ಇನ್ನೂ ಕೆಳಗೆ."

ಒಳ್ಳೆಯ ಸ್ಕರ್ಟು ಹಾಕಿದ್ದಳು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕೂತಳು. ಬಿಳಿ ಗೋಡೆಯ ಮೇಲೆ ಕೈ ಆಡಿಸಿದಳು. ಕೈ ಒಂದು ಕಡೆ ನಿಂತಿತು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟುತ್ತ ಹೋದಳು. ಒಂದು. ಎರಡು. ಮೂರು. ಅವಳ ತುಟಿ ಅಲ್ಲಾಡುತ್ತಿತ್ತು. ಹನ್ನೊಂದಕ್ಕೆ ನಿಂತಿತು.

"ಬಾಗಿಲು ಹಾಕಿ ದೀಪ ಆರಿಸ್ಲಾ?" ಅಂದೆ.

"ಬೇಡ," ಅಂದಳು. ಬೇಗ ಎದ್ದಳು.

ವರದಿ ಏಪ್ರಿಲಿನಲ್ಲಿ ಬಂತು. ನಲವತ್ತೆರಡು ಪುಟ. ಗ್ರೆಗರ್‌ನನ್ನು ಅಮಾನತು ಮಾಡಿದರು, ವಿಚಾರಣೆ ಮುಗಿಯುವವರೆಗೆ. ಕ್ಲಬ್ಬಿಗೆ ಬೀಗ ಹಾಕಿದರು. ಷೋನಾಳನ್ನು ಬೇರೆ ಊರಿನ ಈಜುಕೊಳಕ್ಕೆ ಹಾಕಿದರು, ಅದೇ ಹುದ್ದೆ. 'ದಾಖಲೆ ಇಡುವ ಪದ್ಧತಿ ಸುಧಾರಿಸಬೇಕು' ಅಂತ ವರದಿಯಲ್ಲಿತ್ತು. ತರಬೇತಿಯ ಹಾಳೆಗೆ ಸುಳ್ಳು ಸಹಿ ಹಾಕಿದ್ದು ಹದಿಮೂರು ಜನ. ಒಪ್ಪಿಕೊಂಡದ್ದು ಒಬ್ಬಳು. ಸುಳ್ಳು ದಾಖಲೆಗೆ ಸಹಿ ಹಾಕಿದ ಕಾರಣಕ್ಕೆ ಕಂಪನಿ ಆ ಒಬ್ಬಳನ್ನು ಕೆಲಸದಿಂದ ತೆಗೆಯಿತು. ವರದಿಯಲ್ಲಿ ನನ್ನ ಹೆಸರಿಲ್ಲ. 'ಒಬ್ಬ ಶುಚಿತ್ವ ಸಿಬ್ಬಂದಿ' ಅಂತಿದೆ.

ಊರು ನನ್ನ ಜತೆ ಮಾತು ಬಿಟ್ಟಿತು. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಬ್ರೆಡ್ಡಿನ ಅಂಗಡಿಯಲ್ಲಿ ನನ್ನ ಸರದಿ ಬಂದಾಗ ಅಂಗಡಿಯವಳು ನನ್ನ ಹಿಂದೆ ನಿಂತವರನ್ನು ನೋಡುತ್ತಾಳೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಲ್ಲುತ್ತಾರೆ. "ಮಕ್ಕಳ ಈಜು ಹೋಯ್ತು ಇವಳಿಂದ" ಅಂತ ಬೆನ್ನ ಹಿಂದೆ ಒಬ್ಬಳು ಅಂದಳು, ಕೇಳಲಿ ಅಂತಲೇ. ಲಿನ್ಸಿ ನನ್ನನ್ನು ಕಂಡರೆ ರಸ್ತೆ ದಾಟುತ್ತಾಳೆ. ಒಂದು ಸಲ ಕರ್ಸ್ಟಿ ಜತೆಗಿದ್ದಳು. ಹುಡುಗಿ ತಲೆ ತಗ್ಗಿಸಿಕೊಂಡೇ ಹೋದಳು. ಅವಳು ಉದ್ದ ಬೆಳೆದಿದ್ದಳು. ಬಾಯಲ್ಲಿ ಏನೋ ಮಿಠಾಯಿ ಅಗಿಯುತ್ತಿದ್ದಳು. ಕೂದಲು ಒಣಗಿತ್ತು. ಅಷ್ಟು ನೋಡಿದೆ.

ಮೇ ತಿಂಗಳಿಗೆ ನಾನು ಬೆಳಿಗ್ಗೆ ಏಳುವುದನ್ನೇ ಬಿಟ್ಟಿದ್ದೆ. ಎದ್ದು ಮಾಡುವುದೇನು. ವಾರಗಟ್ಟಲೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಇಪ್ಪತ್ತೆಂಟು ಮೂವತ್ತರ ಹೆಂಗಸು. ಈ ಊರಲ್ಲಿ ಕಂಡ ಮುಖವಲ್ಲ. ದೂರದಿಂದ ಕಾರು ಓಡಿಸಿಕೊಂಡು ಬಂದವಳ ಹಾಗೆ ಬಟ್ಟೆ ಮುದುಡಿತ್ತು.

"ಮೊರಾಗ್ ಅಂದ್ರೆ ನೀವೇನಾ?"

"ಬೈಯೋಕೆ ಬಂದಿದ್ರೆ ಅಲ್ಲೇ ನಿಂತು ಬೈದು ಹೋಗಮ್ಮ. ಒಳಗೆ ಕರೆಯೋ ಚೈತನ್ಯ ಇಲ್ಲ ನಂಗೆ."

"ಬೈಯೋಕಲ್ಲ." ಕಾರಿನ ಕೀಲಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. "ನಾನೂ ಇಲ್ಲಿ ಈಜ್ತಿದ್ದೆ. ಹತ್ತು ವರ್ಷದವಳಿದ್ದಾಗ. ನಮ್ಮಮ್ಮಂಗೂ ಹೇಳಿಲ್ಲ, ಗಂಡಂಗೂ ಹೇಳಿಲ್ಲ. ವರದಿ ಓದಿದೆ. ಆ ಶುಚಿತ್ವದವರು ಯಾರು ಅಂತ ವಿಚಾರಿಸ್ಕೊಂಡು ಬಂದೆ. ಮೂರು ಮನೇಲಿ ಹೇಳ್ಲಿಲ್ಲ, ನಾಲ್ಕನೇ ಮನೇಲಿ ಹೇಳಿದ್ರು. ನಿಮಗೆ ಸ್ವಲ್ಪ ಪುರುಸೊತ್ತಿದ್ಯಾ?"

ನನ್ನ ಮನೆಯಲ್ಲಿ ಇರುವುದು ಎರಡು ಕುರ್ಚಿ. ಎರಡನೆಯದರ ಮೇಲೆ ಒಗೆಯದ ಬಟ್ಟೆ ತಿಂಗಳಿಂದ ರಾಶಿ ಬಿದ್ದಿತ್ತು. ಅಷ್ಟನ್ನೂ ಬಾಚಿ ನೆಲಕ್ಕೆ ಹಾಕಿದೆ. ಕುರ್ಚಿಯನ್ನು ಕಿಟಕಿಯ ಹತ್ತಿರ, ಬೆಳಕಿರುವ ಕಡೆ ಎಳೆದೆ.

"ಕೂತ್ಕೊ ಮಗಾ," ಅಂದೆ. "ಎಷ್ಟು ಹೊತ್ತಾದ್ರೂ ಆಗ್ಲಿ. ಹೇಳು."